‘ಇಂಜಿನ್ ಓಪನ್ ಆಗಿಲ್ಲರೀ’ ಅಂದ್ರೆ ಮುಗೀತಾ?

ಹಳೇ ಕಾರು ನೋಡಲು ಹೋದವರಿಗೆಲ್ಲ ಈ ಮಾತು ಗೊತ್ತಿರುತ್ತದೆ. ದಲ್ಲಾಳಿ ಬಾನೆಟ್ ಎತ್ತುತ್ತಾನೆ, ಇಂಜಿನ್ ಮೇಲೆ ಕೈಯಾಡಿಸುತ್ತಾನೆ, ಆಮೇಲೆ ಆಣೆ ಮಾಡಿದಂತೆ ಹೇಳುತ್ತಾನೆ: “ಇಂಜಿನ್ ಓಪನ್ ಆಗಿಲ್ಲರೀ ಸರ. ಕಂಪನಿ ಫಿಟ್ಟಿಂಗ್ ಹೆಂಗಿತ್ತೋ ಹಂಗ ಐತಿ.” ಅಷ್ಟು ಕೇಳಿದ್ದೇ ತಡ, ಮೂವತ್ತು ನಲವತ್ತು ಸಾವಿರ ಹೆಚ್ಚಿಗೆ ಕೊಡಲು ನಾವು ತಯಾರು. ಪಕ್ಕದಲ್ಲೇ ಅದೇ ಮಾಡೆಲ್ಲಿನ, ಇಂಜಿನ್ ಕೆಲಸ ಮಾಡಿಸಿದ ಗಾಡಿ ನಿಂತಿದ್ದರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಒಮ್ಮೆ ಬಿಚ್ಚಿದ ಇಂಜಿನ್ ಅಂದರೆ ಮುಗಿಯಿತು, ಅದಕ್ಕೆ ಮತ್ತೆ ಜೀವ ಬರುವುದಿಲ್ಲ ಅನ್ನುವುದು ನಮ್ಮ ಕಡೆಯ ಗಟ್ಟಿ ನಂಬಿಕೆ.

ಈ ನಂಬಿಕೆ ಅರ್ಧ ಮಾತ್ರ ಸರಿ. ತಪ್ಪಿರುವ ಅರ್ಧದಿಂದ ಹಾವೇರಿ, ರಾಣೆಬೆನ್ನೂರು, ಹಾನಗಲ್ ಕಡೆಯ ಎಷ್ಟೋ ಮನೆಗಳ ದುಡ್ಡು ಹೋಗುತ್ತಿದೆ. ಅದರಲ್ಲಿ ನಮ್ಮ ಮನೆಯದೂ ಒಂದು. ಹಾಗಾಗಿ ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇವೆ.

ಈಗ ಯಾಕೆ ಈ ಮಾತು ಅಂದರೆ, ಬಿಎಸ್-6 ನಿಯಮ ಬಂದಾಗ, 2020ರ ಏಪ್ರಿಲ್ 1ರಿಂದ, ಮಾರುತಿ ಕಂಪನಿ ಡೀಸೆಲ್ ಕಾರು ಮಾರುವುದನ್ನೇ ನಿಲ್ಲಿಸಿತು. ಫಿಯೆಟ್ ಮೂಲದ 1,248 ಸಿಸಿ ಡೀಸೆಲ್ ಇಂಜಿನ್ ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ಟಾ ಹೀಗೆ ಬೇರೆ ಬೇರೆ ಕಾರುಗಳಲ್ಲಿ ಬರುತ್ತಿತ್ತು. ನಮ್ಮ ಕಡೆ ಟ್ಯಾಕ್ಸಿ ಹೊಡೆಯುವವರಿಗೆ, ಮದುವೆ-ಆಸ್ಪತ್ರೆ ಬಾಡಿಗೆಯ ಮೇಲೆ ಸಂಸಾರ ನಡೆಸುವವರಿಗೆ ಅಂಥ ಡೀಸೆಲ್ ಗಾಡಿಯೇ ಬೇಕು. ಹೊಸದು ಸಿಗುವುದಿಲ್ಲ ಅಂದಮೇಲೆ ಇರುವ ಹಳೆಯದೇ ಕೈಯಿಂದ ಕೈಗೆ ದಾಟುತ್ತದೆ. ಲಕ್ಷ, ಎರಡು ಲಕ್ಷ ಕಿಲೋಮೀಟರ್ ದಾಟಿದ ಗಾಡಿಗಳು. ಇಂದಲ್ಲ ನಾಳೆ ಇವುಗಳ ಇಂಜಿನ್ ಕೆಳಗಿಳಿಯಲೇಬೇಕು. ಆಗ ಹಣೆಬರಹ ಬರೆಯುವುದು ಬೇರಿಂಗ್.

ಬೇರಿಂಗ್ ಅಂದಕೂಡಲೇ ಸೈಕಲ್ ಗಾಲಿಯ ಗುಂಡು ನೆನಪಾಗಬಹುದು. ಇಂಜಿನ್ ಒಳಗಿನದು ಅದಲ್ಲ. ಬಳೆಯನ್ನು ಸರಿಯಾಗಿ ಎರಡು ತುಂಡು ಮಾಡಿದರೆ ಹೇಗಿರುತ್ತದೋ ಹಾಗಿರುವ ತೆಳ್ಳಗಿನ ಲೋಹದ ಪಟ್ಟಿ. ಗ್ಯಾರೇಜಿನವರು ಶೆಲ್ ಅನ್ನುತ್ತಾರೆ. ನಾಲ್ಕು ಸಿಲಿಂಡರಿನ ಸಾಮಾನ್ಯ ಇಂಜಿನ್‌ನಲ್ಲಿ ಕ್ರ್ಯಾಂಕ್ ಕೂರುವ ಐದು ಜಾಗಕ್ಕೆ ಮೇನ್ ಬೇರಿಂಗ್ ಹತ್ತು ತುಂಡು, ಕನೆಕ್ಟಿಂಗ್ ರಾಡ್ ಹಿಡಿಯುವ ನಾಲ್ಕು ಪಿನ್ನಿಗೆ ಎಂಟು ತುಂಡು. ಒಟ್ಟು ಹದಿನೆಂಟು. ಇಡೀ ಕಾರಿನ ಭಾರ ಎಳೆಯುವ ಶಕ್ತಿಯೆಲ್ಲ ಈ ಹದಿನೆಂಟು ಅರ್ಧ ಬಳೆಗಳ ಮೇಲೆ ಬೀಳುತ್ತದೆ.

ಹಿಂದೆ ಉಕ್ಕು, ಅದರ ಮೇಲೆ ತಾಮ್ರದ ಮಿಶ್ರಲೋಹ ಅಥವಾ ಅಲ್ಯೂಮಿನಿಯಂ. ಮೂರು ಪದರದ ಶೆಲ್ ಆದರೆ ಎಲ್ಲಕ್ಕಿಂತ ಮೇಲೆ ಮೆತ್ತಗಿನ ಬೂದು ಬಣ್ಣದ ಒಂದು ಪದರ. ಆ ಮೇಲಿನ ಪದರದ ದಪ್ಪ ಮಿಲಿಮೀಟರಿನ ನೂರನೇ ಒಂದೆರಡು ಪಾಲು, ನಮ್ಮ ತಲೆಗೂದಲಿಗಿಂತ ತೆಳು. ಕ್ರ್ಯಾಂಕ್‌ಗೂ ಶೆಲ್‌ಗೂ ನಡುವೆ ಬಿಡುವ ಸಂದೂ ಅಷ್ಟೇ ಸಣ್ಣದು. ಐವತ್ತು ಮಿಲಿಮೀಟರ್ ದಪ್ಪದ ಜರ್ನಲ್ ಆದರೆ ಸಾಮಾನ್ಯವಾಗಿ 0.03ರಿಂದ 0.06 ಮಿಲಿಮೀಟರ್. ಆ ಸಂದಿನಲ್ಲಿ ಆಯಿಲ್ ತುಂಬಿಕೊಂಡು, ಕ್ರ್ಯಾಂಕ್ ತಿರುಗಿದಾಗ ಅದನ್ನು ಎತ್ತಿ ಹಿಡಿಯುತ್ತದೆ. ನೀರಿನ ಮೇಲೆ ತೆಪ್ಪ ತೇಲಿದ ಹಾಗೆ. ಅಂದರೆ ಇಂಜಿನ್ ಸರಿಯಾಗಿ ಓಡುವಾಗ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ತಾಗದ ಮೇಲೆ ಸವೆತ ಎಲ್ಲಿಂದ?

ಸವೆಯುವುದು ಮೂರ್ನಾಲ್ಕು ಕಾರಣಕ್ಕೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣ, ಆಯಿಲ್ ಇನ್ನೂ ಮೇಲೆ ಬಂದಿರುವುದಿಲ್ಲ. ಆಯಿಲ್ ಹಳತಾಗಿ ಗುಣ ಕಳೆದುಕೊಂಡರೆ, ಕಡಿಮೆ ಬಿದ್ದರೆ, ತೆಪ್ಪ ತಳ ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಸ. ಬೇರಿಂಗ್ ಮಾಡುವ ಕಂಪನಿಗಳು ಬೇರಿಂಗ್ ಹಾಳಾಗುವ ಕಾರಣಗಳ ಪಟ್ಟಿ ಕೊಟ್ಟಾಗಲೆಲ್ಲ ಮೇಲೆ ನಿಲ್ಲುವುದು ಧೂಳು-ಕಸವೇ. ಗಮನಿಸಿ: ಈ ಕಾರಣಗಳಲ್ಲಿ ಯಾವುದೂ ‘ಇಂಜಿನ್ ಬಿಚ್ಚಿದೆಯೋ ಇಲ್ಲವೋ’ ಎಂದು ಕೇಳಿ ಬರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಮೂರು ಇಂಜಿನ್‌ನ ಶೆಲ್‌ಗಳನ್ನು ಒಂದೇ ಕಡೆ ಹರವಿ ನೋಡುವ ಯೋಗ ನಮಗೆ ಬಂತು. ಹಳೇ ಪೇಪರ್ ಹಾಸಿ ಅದರ ಮೇಲೆ ಸಾಲಾಗಿ ಇಟ್ಟೆವು. (ನಾವು ಸುದ್ದಿ ಕಳಿಸುವ ಪೇಪರೇ. ಅಲ್ಲಿ ನಮ್ಮ ಹೆಸರು ಬರುವುದಿಲ್ಲ, ಬೇರಿಂಗ್ ಇಡಲಿಕ್ಕಾದರೂ ಉಪಯೋಗಕ್ಕೆ ಬಂತು.)

ಮೊದಲನೆಯದು ನಮ್ಮ ಓಣಿಯ ಒಬ್ಬ ಅಣ್ಣನ ಗಾಡಿಯದು. ‘ಓಪನ್ ಆಗಿಲ್ಲ’ ಎಂದು ಹೆಚ್ಚು ಕೊಟ್ಟು ತಂದದ್ದು. ಮೀಟರ್ 1,90,000 ತೋರಿಸುತ್ತಿತ್ತು. ದಲ್ಲಾಳಿ ಸುಳ್ಳು ಹೇಳಿರಲಿಲ್ಲ, ಇಂಜಿನ್ ನಿಜವಾಗಿಯೂ ಯಾರ ಕೈಗೂ ಸಿಕ್ಕಿರಲಿಲ್ಲ. ಕೊಂಡ ನಾಲ್ಕನೇ ತಿಂಗಳಿಗೆ ಇಂಜಿನ್ ಕೆಳಗಿನಿಂದ ಟಕ್ ಟಕ್ ಶುರುವಾಯಿತು. ಬಿಚ್ಚಿದರೆ ರಾಡಿನ ಮೇಲ್ಗಡೆ ಶೆಲ್‌ಗಳಲ್ಲಿ ಬೂದು ಪದರವೇ ಇಲ್ಲ, ತಾಮ್ರ ಕೆಂಪಗೆ ಹೊಳೆಯುತ್ತಿತ್ತು. ಎರಡರಲ್ಲಿ ತಾಮ್ರವೂ ಕಿತ್ತು ಬಂದಿತ್ತು. ಸಿಲಿಂಡರಿನಲ್ಲಿ ಡೀಸೆಲ್ ಉರಿದು ಪಿಸ್ಟನ್ ಒತ್ತುವ ಭಾರವೆಲ್ಲ ರಾಡಿನ ಮೇಲಿನ ಶೆಲ್ ಮೇಲೆ ಬೀಳುವುದರಿಂದ ಅದೇ ಮೊದಲು ಸವೆಯುತ್ತದೆ. ಹಿಂದಿನ ಮಾಲೀಕ ಆಯಿಲ್ ಬದಲಿಸುವುದನ್ನು ಮರೆತೇ ಓಡಿಸಿದ್ದ ಅನ್ನುವುದಕ್ಕೆ ಚೇಂಬರಿನಲ್ಲಿ ಡಾಂಬರಿನಂತೆ ಗಟ್ಟಿಯಾಗಿದ್ದ ಕೆಸರೇ ಸಾಕ್ಷಿ. ಮಾರುವ ಮುಂಚೆ ದಪ್ಪ ಆಯಿಲ್ ಹಾಕಿ ಸದ್ದು ಮುಚ್ಚಿದ್ದರು ಅನ್ನುವುದು ಮೇಸ್ತ್ರಿಯ ಅನುಮಾನ.

ಎರಡನೆಯದು ತರಕಾರಿ ವ್ಯಾಪಾರದ ಒಬ್ಬ ಕಾಕಾನ ಕಾರು. ಮೂರು ವರ್ಷದ ಹಿಂದೆ ಇಂಜಿನ್ ಪೂರ್ತಿ ಇಳಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, 0.25 ಸೈಜಿನ ಬೇರಿಂಗ್ ಹಾಕಿಸಿದ್ದು. ಆಮೇಲೆ 1,10,000 ಕಿಲೋಮೀಟರ್ ಓಡಿತ್ತು. ರೇಡಿಯೇಟರ್ ಸೋರಿ ಹೀಟ್ ಆದದ್ದಕ್ಕೆ ಈಗ ಮತ್ತೆ ಬಿಚ್ಚಿದ್ದರು. ಶೆಲ್ ನೋಡಿದರೆ ಆಶ್ಚರ್ಯವಾಯಿತು. ಬೂದು ಪದರ ಹೆಚ್ಚುಕಡಿಮೆ ಹಾಗೇ ಇದೆ, ನಡುವೆ ಒಂದಷ್ಟು ಸಮನಾಗಿ ನುಣುಪಾಗಿದೆ, ಅಲ್ಲಲ್ಲಿ ಕಸ ಕೂತ ಚುಕ್ಕೆ. ಮೇಸ್ತ್ರಿ ಅದನ್ನು ಬೆರಳಿನಿಂದ ಸವರಿ, “ಇದನ್ನ ತಗೀಬಾರದಿತ್ತು ನೋಡ್ರಿ, ಇನ್ನೂ ಲಕ್ಷ ಓಡತಿತ್ತು” ಅಂದ.

ಮೂರನೆಯದು ನಮ್ಮ ಅಣ್ಣನದು. ಸಂಘದಲ್ಲಿ ಸಾಲ ಎತ್ತಿ ಇಂಜಿನ್ ಕೆಲಸ ಮಾಡಿಸಿದ್ದ. ಬಿಲ್ಲು ಅಂತ ಕೊಟ್ಟದ್ದು ಒಂದು ಸಾಲು: ‘ಇಂಜಿನ್ ಕೆಲಸ, 58,000’. ಹನ್ನೊಂದು ಸಾವಿರ ಕಿಲೋಮೀಟರಿಗೆ ಸದ್ದು ಬಂತು. ಎಂಟೂ ರಾಡ್ ಶೆಲ್‌ಗಳ ಮೇಲೆ ಬೆಳ್ಳಿಯ ಪುಡಿ ಉದುರಿಸಿದ ಹಾಗೆ ಚುಕ್ಕೆ, ಉದ್ದಕ್ಕೂ ಗೀರು. ಕ್ರ್ಯಾಂಕ್ ಗ್ರೈಂಡ್ ಮಾಡಿದಾಗ ಬಂದ ಪುಡಿ ಅದರ ಒಳಗಿನ ಆಯಿಲ್ ರಂಧ್ರಗಳಲ್ಲಿ ಉಳಿದುಬಿಟ್ಟಿತ್ತು. ರಾಡ್ ಬೇರಿಂಗ್‌ಗೆ ಆಯಿಲ್ ಬರುವುದೇ ಕ್ರ್ಯಾಂಕ್ ಒಳಗಿನ ಆ ರಂಧ್ರದಿಂದ. ಹಾಗಾಗಿ ಗಾಡಿ ಸ್ಟಾರ್ಟ್ ಆದ ಮೊದಲ ದಿನವೇ ಪುಡಿಯೆಲ್ಲ ನೇರ ಹೊಸ ಬೇರಿಂಗ್‌ಗೆ ಬಡಿದಿದೆ. ರಂಧ್ರದ ಬಾಯಿಯ ಪ್ಲಗ್ ತೆಗೆದು, ಬ್ರಷ್ ಹಾಕಿ, ಗಾಳಿ ಹೊಡೆದು ತೊಳೆಯಬೇಕಿತ್ತು. ತೊಳೆದಿರಲಿಲ್ಲ, ಅಷ್ಟೇ.

ಈಗ ಹೇಳಿ. ಮೂರರಲ್ಲಿ ‘ಓಪನ್ ಆಗದ’ ಇಂಜಿನ್ ಹಾಳು, ಓಪನ್ ಆದ ಒಂದು ಚೊಕ್ಕ, ಇನ್ನೊಂದು ಹಾಳು. ಓಪನ್ ಆಗಿದೆಯೇ ಎಂಬ ಪ್ರಶ್ನೆಯಿಂದ ಏನು ತಿಳಿಯಿತು?

ಮೂರು ಇಂಜಿನ್ ನೋಡಿ ಲೋಕಕ್ಕೇ ಲೆಕ್ಕ ಹೇಳಲು ನಾವು ಹೊರಟಿಲ್ಲ. ಆದರೆ ಕಟ್ಟೆಯ ಮೇಲೆ ಕೂತು ‘ನೂರಕ್ಕೆ ತೊಂಬತ್ತು ಬಿಚ್ಚಿದ ಇಂಜಿನ್ ನಿಲ್ಲೂದಿಲ್ಲ’ ಅನ್ನುವವರ ಲೆಕ್ಕ ಇದಕ್ಕಿಂತ ಕಳಪೆ. ಚೆನ್ನಾಗಿ ಓಡುವ ಇಂಜಿನ್ ಗ್ಯಾರೇಜಿಗೆ ಮರಳುವುದಿಲ್ಲ, ಕೆಟ್ಟದ್ದು ಮಾತ್ರ ಮರಳುತ್ತದೆ. ಆ ತರಕಾರಿ ಕಾಕಾನ ರೇಡಿಯೇಟರ್ ಸೋರದೇ ಇದ್ದಿದ್ದರೆ ಅವನ ಶೆಲ್ ಎಷ್ಟು ಚೊಕ್ಕ ಇದೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ಮಾತು: ಇಂಜಿನ್ ಕೆಲಸಕ್ಕೆ ಬರುವುದೇ ಆಯಿಲ್ ನೋಡದ, ಓವರ್‌ಲೋಡ್ ಹಾಕಿದ, ಹೀಟ್ ಆದರೂ ಹಂಗೇ ಎಳೆದ ಗಾಡಿ. ಕೆಲಸ ಮುಗಿದ ಮೇಲೆ ಅದು ಮರಳುವುದು ಅದೇ ಡ್ರೈವರ್ ಕೈಗೆ, ಅದೇ ರಸ್ತೆಗೆ. ಎರಡನೇ ಸಲ ಕೆಟ್ಟರೆ ದೂರು ಮಾತ್ರ ಮೇಸ್ತ್ರಿಯ ಮೇಲೆ. ಒಳ್ಳೆಯ ಮಾಲೀಕನ ಹೊಸ ಇಂಜಿನ್ನನ್ನೂ ಕೆಟ್ಟ ಮಾಲೀಕನ ಹಳೇ ಇಂಜಿನ್ನನ್ನೂ ತೂಗಿ, ತಪ್ಪು ಸ್ಪ್ಯಾನರ್‌ನದ್ದು ಅಂದರೆ ಹೇಗೆ?

ಕಂಪನಿ ಇಂಜಿನ್‌ಗೆ ಇರುವ ಅನುಕೂಲ ನಾವು ಅಲ್ಲಗಳೆಯುವುದಿಲ್ಲ. ಫ್ಯಾಕ್ಟರಿಯಲ್ಲಿ ಪ್ರತಿ ಜರ್ನಲ್ ಅಳೆದು, ಅದಕ್ಕೆ ಹೊಂದುವ ದಪ್ಪದ ಶೆಲ್ಲನ್ನೇ ಆರಿಸಿ ಹಾಕುವ ಪದ್ಧತಿ ಎಷ್ಟೋ ಕಂಪನಿಗಳಲ್ಲಿದೆ. ಶೆಲ್ ಅಂಚಿನಲ್ಲಿ ಬಣ್ಣದ ಗುರುತು ಇರುವುದು ಅದಕ್ಕೇ. ಗ್ರೈಂಡ್ ಮಾಡಿದ ಕ್ರ್ಯಾಂಕ್‌ಗೆ ಅಂಗಡಿಯಲ್ಲಿ ಸಿಗುವುದು 0.25, 0.50 ಹೀಗೆ ಕೆಲವೇ ಸೈಜು, ಅದಕ್ಕೆ ತಕ್ಕ ಹಾಗೆ ಕ್ರ್ಯಾಂಕನ್ನೇ ಕರಾರುವಾಕ್ಕಾಗಿ ಇಳಿಸಬೇಕು. ಕೆಲವು ಕ್ರ್ಯಾಂಕ್‌ಗಳ ಮೇಲ್ಮೈಗೆ ಮಾತ್ರ ಗಟ್ಟಿತನ ಕೊಟ್ಟಿರುತ್ತಾರೆ, ಉಜ್ಜಿದರೆ ಅದು ಹೋಗುತ್ತದೆ, ಅಂಥದ್ದನ್ನು ಗ್ರೈಂಡ್ ಮಾಡಬೇಡಿ ಅಂತ ಮ್ಯಾನುಯಲ್‌ನಲ್ಲೇ ಬರೆದಿರುತ್ತದೆ. ಓದುವವರು ಯಾರು? ಇಷ್ಟೆಲ್ಲ ನಿಜ. ಆದರೆ ಇವೆಲ್ಲ ಅಳತೆಯ ಮತ್ತು ಶುಚಿಯ ಪ್ರಶ್ನೆಗಳು. ಮಾಡಿದರೆ ಆಗುವ ಕೆಲಸಗಳು.

ಆಗುತ್ತದೆ ಅನ್ನುವುದಕ್ಕೆ ಸಾಕ್ಷಿ ಬೇಕೇ? ದಿನಾ ಬೆಳಿಗ್ಗೆ ನೀವು ಹತ್ತುವ ಸರ್ಕಾರಿ ಬಸ್ಸನ್ನೇ ನೋಡಿ. ಸಾರಿಗೆ ಸಂಸ್ಥೆಯ ವರ್ಕ್‌ಶಾಪ್‌ಗಳಲ್ಲಿ ಇಂಜಿನ್ ಇಳಿಸಿ, ರೀಕಂಡಿಷನ್ ಮಾಡಿ, ಮತ್ತೆ ಬಸ್ಸಿಗೆ ಕೂರಿಸುತ್ತಾರೆ. ‘ಇಂಜಿನ್ ಓಪನ್ ಆಗೇತೇನು’ ಅಂತ ಕಂಡಕ್ಟರನ್ನು ಕೇಳಿ ಟಿಕೆಟ್ ತೆಗೆಸಿದವರನ್ನು ನಾವು ಕಂಡಿಲ್ಲ. ಇನ್ನೂ ಮೇಲೆ ನೋಡಿ, ಆಕಾಶಕ್ಕೆ. ಪೈಲಟ್ ತರಬೇತಿಗೆ ಬಳಸುವ ಸೆಸ್ನಾ 172ರಂಥ ಚಿಕ್ಕ ವಿಮಾನಗಳ ಪಿಸ್ಟನ್ ಇಂಜಿನ್‌ಗೆ ಸಾಮಾನ್ಯವಾಗಿ ಸುಮಾರು 2,000 ಗಂಟೆ ಹಾರಿದ ಮೇಲೆ ಪೂರ್ತಿ ಬಿಚ್ಚಿ ಕಟ್ಟುವ ಲೆಕ್ಕವಿದೆ. ಬಿಚ್ಚಿ ಕಟ್ಟಿದ ಆ ಇಂಜಿನ್ ನಂಬಿಕೊಂಡೇ ಮಕ್ಕಳು ಹಾರುವುದನ್ನು ಕಲಿಯುತ್ತಾರೆ. ವ್ಯತ್ಯಾಸ ಒಂದೇ. ಅಲ್ಲಿ ಇಂಜಿನ್ ಜೊತೆ ಒಂದು ಪುಸ್ತಕ ಬರುತ್ತದೆ, ಯಾವಾಗ ಬಿಚ್ಚಿದರು, ಏನು ಬದಲಿಸಿದರು, ಯಾರು ಸಹಿ ಹಾಕಿದರು ಎಲ್ಲವೂ ಅದರಲ್ಲಿರುತ್ತದೆ. ನಮ್ಮ ಅಣ್ಣನ ಇಂಜಿನ್ ಜೊತೆ ಬಂದದ್ದು ‘58,000’ ಅನ್ನುವ ಅಂಕಿ ಮಾತ್ರ.

ನಮ್ಮ ಸಿಟ್ಟು ಇಲ್ಲಿದೆ. ಅಳತೆ ಇಲ್ಲ ಅಂತಲ್ಲ, ಇದೆ. ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವವನು ಮೈಕ್ರೋಮೀಟರ್ ಹಿಡಿದು ಅಳೆದೇ ಕೆಲಸ ಮಾಡುತ್ತಾನೆ. ಎಷ್ಟೋ ಸಲ ಮಾರ್ಕರ್‌ನಿಂದ ಕ್ರ್ಯಾಂಕ್ ಮೇಲೇ ಬರೆದಿರುತ್ತಾನೆ. ಗಾಡಿ ಕಟ್ಟುವಾಗ ಅದನ್ನು ಡೀಸೆಲ್ ಬಟ್ಟೆಯಿಂದ ಒರೆಸಿಬಿಡುತ್ತಾರೆ. ಐವತ್ತು ಸಾವಿರ ಕೊಟ್ಟ ಗಿರಾಕಿಗೆ ತಿಳಿಯಬೇಕಾದ ಒಂಬತ್ತು ಅಂಕಿ ಆ ಬಟ್ಟೆಗೆ ಹತ್ತಿ ಹೋಗುತ್ತದೆ. ಆಮೇಲೆ ಸದ್ದು ಬಂದರೆ, “ನೀವು ಆಯಿಲ್ ಸರಿಯಾಗಿ ಹಾಕಿಲ್ಲ” ಅನ್ನುತ್ತಾರೆ. ನಮ್ಮ ಅಣ್ಣನಿಗೆ ಹೇಳಿದ್ದೂ ಅದೇ. ಅವನು ಹಾಕಿದ್ದ, ಆದರೆ ತೋರಿಸಲು ಚೀಟಿ ಇರಲಿಲ್ಲ. ಅವರು ತೊಳೆದಿರಲಿಲ್ಲ, ಅದಕ್ಕೂ ಚೀಟಿ ಇರಲಿಲ್ಲ. ಚೀಟಿ ಇಲ್ಲದ ಜಗಳದಲ್ಲಿ ಗೆಲ್ಲುವುದು ಗ್ಯಾರೇಜು, ಯಾಕೆಂದರೆ ಗಾಡಿ ಅವರ ಅಂಗಳದಲ್ಲಿರುತ್ತದೆ.

ಒರೆಸುವುದಕ್ಕಿಂತ ಕೆಟ್ಟ ಕೆಲಸಗಳೂ ನಡೆಯುತ್ತವೆ. ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಕಳಿಸದೇ ಎಮರಿ ಪೇಪರ್‌ನಿಂದ ಕೈಯಲ್ಲೇ ಉಜ್ಜುವುದು. ಸಂದು ಹೆಚ್ಚಾಗಿದ್ದರೆ ಬೇರಿಂಗ್ ಕ್ಯಾಪನ್ನೇ ಅರದಿಂದ ಉಜ್ಜಿ ಬಿಗಿ ಮಾಡುವುದು, ಅದು ಮಾಡಿದರೆ ರಂಧ್ರ ದುಂಡಗೆ ಉಳಿಯುವುದೇ ಇಲ್ಲ. ಶೆಲ್ ಹಿಂದೆ ತಗಡಿನ ಚೂರು ಇಡುವುದು. ಒಂದು ರಾಡಿನ ಕ್ಯಾಪ್ ಇನ್ನೊಂದಕ್ಕೆ ಹಾಕುವುದು. ಟಾರ್ಕ್ ರೆಂಚ್ ಬದಲು ತೋಳಿನ ಅಂದಾಜು. ರಿಂಗ್ ಹೊಸದು ಹಾಕಿ ಬೇರಿಂಗ್ ಹಳೆಯದೇ ಬಿಟ್ಟು ‘ಫುಲ್ ಇಂಜಿನ್’ ಅಂತ ದುಡ್ಡು ತೆಗೆದುಕೊಳ್ಳುವುದು. ಬೇರಿಂಗ್ ಹಾಳಾದರೆ ಹೋಗುವುದು ಬೇರಿಂಗ್ ಒಂದೇ ಅಲ್ಲ. ಅಣ್ಣನ ಕ್ರ್ಯಾಂಕ್ ಈಗ 0.25ರಿಂದ 0.50ಕ್ಕೆ ಇಳಿಯಬೇಕು. ಇನ್ನೊಂದು ಸಲ ಹೀಗಾದರೆ ಇಳಿಸಲು ಲೋಹ ಉಳಿದಿರುತ್ತದೋ ಇಲ್ಲವೋ. ಕೆಟ್ಟ ಕೆಲಸಕ್ಕೆ ಕ್ರ್ಯಾಂಕಿನ ಆಯುಷ್ಯವೇ ಖರ್ಚಾಗುತ್ತದೆ.

ಮೇಸ್ತ್ರಿಗಳ ಮಾತನ್ನೂ ಕೇಳಿದೆವು. ಒಬ್ಬರು ನೇರವಾಗಿ ಅಂದರು: “ಸರ, ಗಿರಾಕಿ ಎರಡು ಸಾವಿರಕ್ಕ ಎರಡು ತಾಸು ಜಗ್ಗಾಡ್ತಾನ. ಶುಕ್ರವಾರ ಲಗ್ನದ ಬಾಡಗಿ ಐತಿ, ಗುರುವಾರ ಸಂಜೀಕ ಗಾಡಿ ಬೇಕು ಅಂತಾನ. ಕ್ರ್ಯಾಂಕ್ ತೊಳ್ಯಾಕ ಅರ್ಧ ದಿನ ಬೇಕು, ಅದರ ಕೂಲಿ ಯಾರು ಕೊಡ್ತಾರ?” ಮಾತು ಸುಳ್ಳಲ್ಲ. ಸೀಟ್ ಕವರ್‌ಗೆ, ಮ್ಯೂಸಿಕ್ ಸಿಸ್ಟಮ್‌ಗೆ ಚೌಕಾಶಿ ಮಾಡದವರು ಕ್ರ್ಯಾಂಕ್ ತೊಳೆಯುವ ಕೂಲಿಗೆ ಮಾಡುತ್ತಾರೆ, ಯಾಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಒಂಬತ್ತು ಅಂಕಿ ಬರೆದುಕೊಡಲು ಅರ್ಧ ದಿನ ಬೇಡ. ಐದು ನಿಮಿಷ ಸಾಕು. ಚೀಟಿ ಕೊಡುವ ಮೇಸ್ತ್ರಿಗೆ ನಾಳೆ ಸುಳ್ಳು ದೂರಿನಿಂದಲೂ ರಕ್ಷಣೆ. ಇಷ್ಟಾದರೂ ಯಾಕೆ ಕೊಡುವುದಿಲ್ಲ ಅಂತ ಕೇಳಿದ್ದಕ್ಕೆ ಅವರು ನಕ್ಕರು, ಉತ್ತರ ಹೇಳಲಿಲ್ಲ.

ಹಾಗಾದರೆ ಏನು ಕೇಳಬೇಕು? ಐದು ಮೇನ್, ನಾಲ್ಕು ಪಿನ್ ಜರ್ನಲ್‌ಗಳ ಅಳತೆ. ಹಾಕಿದ ಬೇರಿಂಗ್‌ನ ಸೈಜು, ಅದು ಶೆಲ್ ಬೆನ್ನ ಮೇಲೇ ಒತ್ತಿರುತ್ತದೆ, ಹಾಕುವ ಮುಂಚೆ ಫೋನಿನಲ್ಲಿ ಫೋಟೊ ಹಿಡಿಯಿರಿ. ಬಿಟ್ಟ ಸಂದು ಎಷ್ಟು, ಹಾಕಿದ ಆಯಿಲ್ ಯಾವುದು, ಆ ದಿನದ ಮೀಟರ್ ಎಷ್ಟು. ತೆಗೆದ ಹಳೇ ಶೆಲ್‌ಗಳನ್ನು ಕೇಳಿ ಪಡೆಯಿರಿ, ಅವು ನಿಮ್ಮವು, ಗುಜರಿಗೆ ಬಿಡಬೇಡಿ. ಒಂದು ಕ್ಯಾರಿಬ್ಯಾಗಿನಲ್ಲಿ ಯಾವ ಸಿಲಿಂಡರಿನದು ಯಾವುದು ಅಂತ ಬರೆದಿಟ್ಟುಕೊಂಡರೆ ಇಂಜಿನ್‌ನ ಜಾತಕ ನಿಮ್ಮ ಮನೆಯಲ್ಲಿರುತ್ತದೆ. ಬಿಲ್ಲು ಕೊಡುವುದಿಲ್ಲ ಅಂದರೆ ನೆನಪಿಡಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಗೆ ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರವೇ. ಐದು ಲಕ್ಷದವರೆಗಿನ ವ್ಯವಹಾರವಾದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಮೊದಲು ಫೋನಿನಲ್ಲಿ ಕೇಳಬೇಕೆಂದರೆ 1915. ಬಾಡಿಗೆಗೆ ಓಡಿಸುವ ಗಾಡಿಯಾದರೆ ‘ಇದು ವ್ಯಾಪಾರಕ್ಕೆ’ ಅಂತ ಎದುರಿನವರು ವಾದಿಸಬಹುದು. ಸ್ವಂತ ದುಡಿದು ಹೊಟ್ಟೆ ಹೊರೆಯಲು ಇಟ್ಟ ಗಾಡಿ ಅಂತ ದೂರಿನಲ್ಲೇ ಬರೆಯಿರಿ, ಅಂಥವರನ್ನು ಕಾಯ್ದೆ ಗ್ರಾಹಕರೆಂದೇ ಒಪ್ಪುತ್ತದೆ.

ಹಳೇ ಗಾಡಿ ಕೊಳ್ಳುವವರಿಗೆ ಒಂದಿಷ್ಟು. ಇಂಜಿನ್ ತಣ್ಣಗಿದ್ದಾಗಲೇ ಹೋಗಿ, ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಮರುದಿನ ಬರುತ್ತೇವೆ ಅನ್ನಿ. ಆಯಿಲ್ ದೀಪ ಎಷ್ಟು ಬೇಗ ಆರುತ್ತದೆ ನೋಡಿ. ಅರ್ಧ ಗಂಟೆ ಓಡಿಸಿ, ಚೆನ್ನಾಗಿ ಬಿಸಿಯಾದ ಮೇಲೆ ನಿಲ್ಲಿಸಿಕೊಂಡು ಐಡಲ್‌ನಲ್ಲಿ ಬಿಡಿ. ಬೇರಿಂಗ್ ಸಂದು ದೊಡ್ಡದಾಗಿದ್ದರೆ ಬಿಸಿ ಆಯಿಲ್ ಪಕ್ಕದಿಂದ ಸೋರಿ ಒತ್ತಡ ಇಳಿಯುತ್ತದೆ, ದೀಪ ಮಿಣುಕಬಹುದು. ಆದರೆ ದೀಪ ಬಂದಿಲ್ಲ ಅಂದರೆ ಎಲ್ಲ ಸರಿ ಅಂತಲೂ ಅಲ್ಲ. ಒತ್ತಡ ತೀರಾ ಕೆಳಗೆ ಬಿದ್ದಾಗ ಮಾತ್ರ ಹತ್ತುವ ದೀಪ ಅದು. ಮೇಸ್ತ್ರಿಯ ಬಳಿ ಪ್ರೆಶರ್ ಗೇಜ್ ಇದ್ದರೆ ಹಾಕಿಸಿ ನೋಡಿ. 5ಡಬ್ಲ್ಯೂ-30 ಬೇಕಾದ ಇಂಜಿನ್‌ಗೆ 20ಡಬ್ಲ್ಯೂ-50 ಸುರಿದಿದ್ದಾರೆ ಅಂದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಇರಲಿ. ಮಾರುವವರು ಒಪ್ಪಿದರೆ ಆಯಿಲ್ ಫಿಲ್ಟರ್ ತೆಗೆಸಿ, ಕತ್ತರಿಸಿ, ಒಳಗಿನ ಪೇಪರನ್ನು ಬಿಸಿಲಿಗೆ ಹಿಡಿಯಿರಿ. ಮಿಂಚುವ ಚೂರಿಗೆ ಆಯಸ್ಕಾಂತ ತೋರಿಸಿ. ಹಿಡಿದರೆ ಕಬ್ಬಿಣ. ಹಿಡಿಯದೇ ಕೆಂಪಗೋ ಬೆಳ್ಳಗೋ ಹೊಳೆಯುತ್ತಿದ್ದರೆ ಹೆಚ್ಚಾಗಿ ಅದು ಬೇರಿಂಗ್.

ಚೀಟಿ ಇರುವ, ಬಿಚ್ಚಿ ಕಟ್ಟಿದ ಇಂಜಿನ್ ಒಂದು ಕಡೆ, ಆಯಿಲ್ ಬಿಲ್ಲೇ ಇಲ್ಲದ ‘ಓಪನ್ ಆಗದ’ ಇಂಜಿನ್ ಇನ್ನೊಂದು ಕಡೆ ಇದ್ದರೆ ನಾವು ಮೊದಲನೆಯದಕ್ಕೇ ದುಡ್ಡು ಕೊಡುತ್ತೇವೆ. ದಲ್ಲಾಳಿ ನಗಲಿ.

ಮೊನ್ನೆ ಅಣ್ಣನ ಕ್ರ್ಯಾಂಕನ್ನು ಎರಡನೇ ಸಲ ಗ್ರೈಂಡಿಂಗ್‌ಗೆ ಒಯ್ದಾಗ ಜೊತೆಗೆ ನಾವೂ ಹೋದೆವು. ಬೇರೆ ಊರು, ಬೇರೆ ಅಂಗಡಿ. ಕೆಲಸ ಮುಗಿಸಿದ ಹಿರಿಯರು ಅಭ್ಯಾಸದಂತೆ ಮಾರ್ಕರ್‌ನಿಂದ ಜರ್ನಲ್ ಪಕ್ಕ ಅಳತೆ ಬರೆಯುತ್ತ ಹೋದರು. ನಾವು ಒಂದೊಂದನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಕೊನೆಗೆ ಸಹಿ ಹಾಕಿಕೊಡಿ ಅಂದೆವು. ಅವರು ಕನ್ನಡಕ ಮೇಲೇರಿಸಿ, “ನಲವತ್ತು ವರ್ಷದಾಗ ಇದನ್ನ ಯಾರೂ ಕೇಳಿಲ್ಲ ನೋಡಪಾ” ಅಂದರು. ಆಮೇಲೆ ಒರೆಸುವ ಬಟ್ಟೆ ಪಕ್ಕಕ್ಕಿಟ್ಟು, ಮೂರನೇ ಪಿನ್ ಇನ್ನೊಮ್ಮೆ ಅಳೆದು, ಸಹಿ ಹಾಕಿದರು.

ನಿಮ್ಮ ಕಡೆ ಇಂಥ ಚೀಟಿ ಕೇಳದೇ ಕೊಡುವ ಗ್ಯಾರೇಜು ಇದ್ದರೆ ಫೋಟೊ ಸಮೇತ ನಮಗೆ ಕಳಿಸಿ. ಅವರನ್ನು ಒಪ್ಪಿಸಿ, ಹೆಸರು ಹಾಕಿ ಬರೆಯುತ್ತೇವೆ.